ಗೋಳಗುಮ್ಮಟದಲ್ಲಿ ಒಂದು ಸುತ್ತು ನಡೆದರೂ ಸ್ಥಾನಪಲ್ಲಟ ಸೊನ್ನೆ ಯಾಕೆ?

ಶಾಲೆ ಶುರುವಾಗಿ 9ನೇ ತರಗತಿಯವರಿಗೆ ‘ಚಲನೆ’ ಪಾಠ ಬಂತು ಅಂದರೆ ವಿಜಯಪುರದ ನಮ್ಮ ಓಣಿಯಲ್ಲಿ ಗೊತ್ತಾಗಿಬಿಡುತ್ತದೆ. ಸಂಜೆ ನಮ್ಮ ಮನೆ ಕಟ್ಟೆಯ ಮೇಲೆ ಓದಲು ಬರುವ ಮಕ್ಕಳ ಮುಖದಲ್ಲೇ ಅದು ಕಾಣುತ್ತದೆ. ಈ ಸಲ ಒಬ್ಬ ಹುಡುಗಿ ಪುಸ್ತಕ ಮಡಚಿಟ್ಟು ನೇರವಾಗಿ ಕೇಳಿದಳು: “ಮೈದಾನದ ಸುತ್ತ ಓಡಿ ಕಾಲು ನೋವು ಬಂದಿರ್ತೈತಿ. ಪುಸ್ತಕದಾಗ ಸ್ಥಾನಪಲ್ಲಟ ಸೊನ್ನೆ ಅಂತ ಬರದಾರ. ಹಂಗಾರ ಓಡಿದ್ದು ಸುಳ್ಳಾ?”

ಅವಳನ್ನು ಕರೆದೊಯ್ಯಲು ಬಂದಿದ್ದ ಅಪ್ಪ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. “ನನಗೂ ಅದು ತಿಳಿಲಿಲ್ಲ ನೋಡ್ರಿ, ಸುಮ್ನೆ ಬಾಯಿಪಾಠ ಮಾಡಿ ಪಾಸಾದೆ” ಅಂದರು. ಪ್ರಶ್ನೆ ಚೆನ್ನಾಗಿದೆ. ಉತ್ತರ ಕಷ್ಟದ್ದಲ್ಲ. ಆದರೆ ಅವಸರದಲ್ಲಿ ಹೇಳಿದರೆ ತಲೆಗೆ ಇಳಿಯುವುದಿಲ್ಲ. ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋದಾಗ ಇದೇ ವಿಷಯ ಇಂಗ್ಲಿಷಿನಲ್ಲಿ, ಇನ್ನೂ ದೊಡ್ಡ ರೂಪದಲ್ಲಿ ಎದುರಾಗುತ್ತದೆ. ಹಾಗಾಗಿ ಬುಡದಿಂದಲೇ ನೋಡೋಣ.

ಎರಡು ಬೇರೆ ಬೇರೆ ಪ್ರಶ್ನೆಗಳು

ನಮ್ಮೂರಿನ ಗೋಳಗುಮ್ಮಟಕ್ಕೇ ಹೋಗೋಣ. ಇದು ಮೊಹಮ್ಮದ್ ಆದಿಲ್ ಷಾನ ಸಮಾಧಿ. ಕಟ್ಟಿ ಮುಗಿಸಿದ್ದು 1656ರಲ್ಲಿ. ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಮೇಲೆ ಹೋದರೆ ಗುಮ್ಮಟದ ಒಳಗೆ ದುಂಡಗಿನ ಪಿಸುಮಾತಿನ ಗ್ಯಾಲರಿ ಸಿಗುತ್ತದೆ. ಗುಮ್ಮಟದ ಒಳಗಿನ ಅಡ್ಡಗಲ ಸುಮಾರು 38 ಮೀಟರ್.

ನೀವು ಗ್ಯಾಲರಿಯ ಒಂದು ಕಡೆ ನಿಂತಿದ್ದೀರಿ. ಸರಿಯಾಗಿ ಎದುರಿಗೆ, ಆ ಕಡೆಯ ಗೋಡೆ ಹತ್ತಿರ ನಿಮ್ಮ ಗೆಳತಿ ನಿಂತಿದ್ದಾಳೆ. ಅವಳ ಹತ್ತಿರ ಹೋಗಬೇಕು. ನೇರ ಹೋಗಲು ಆಗದು, ನಡುವೆ ಬರೀ ಗಾಳಿ. ಕಟಕಟೆ ಹಿಡಿದುಕೊಂಡು ಅರ್ಧ ಸುತ್ತು ನಡೆಯಬೇಕು. ಅರ್ಧ ಸುತ್ತು ಅಂದರೆ ಸುಮಾರು 60 ಮೀಟರ್.

ಈಗ ನಿಮ್ಮನ್ನು ಯಾರೋ ಎರಡು ಪ್ರಶ್ನೆ ಕೇಳುತ್ತಾರೆ ಅಂದುಕೊಳ್ಳಿ.

ಒಂದನೆಯದು: ಎಷ್ಟು ನಡೆದಿರಿ? ಉತ್ತರ, 60 ಮೀಟರ್. ಇದು ದೂರ.

ಎರಡನೆಯದು: ಹೊರಟ ಜಾಗದಿಂದ ನೋಡಿದರೆ ಈಗ ಎಲ್ಲಿದ್ದೀರಿ? ಉತ್ತರ, ನೇರ ಎದುರಿನ ದಿಕ್ಕಿನಲ್ಲಿ 38 ಮೀಟರ್ ಆಚೆ. ಇದು ಸ್ಥಾನಪಲ್ಲಟ.

ಮುಂದಿನ ಅರ್ಧ ಸುತ್ತನ್ನೂ ನಡೆದು ಮೊದಲಿನ ಜಾಗಕ್ಕೇ ಬಂದಿರಿ. ಎಷ್ಟು ನಡೆದಿರಿ? ಸುಮಾರು 120 ಮೀಟರ್. ಹೊರಟ ಜಾಗದಿಂದ ಈಗ ಎಲ್ಲಿದ್ದೀರಿ? ಅಲ್ಲೇ ಇದ್ದೀರಿ. ಸೊನ್ನೆ. ನಡೆದಿದ್ದೂ ನಿಜ, ಸೊನ್ನೆಯೂ ನಿಜ. ಎರಡೂ ಬೇರೆ ಬೇರೆ ಪ್ರಶ್ನೆಗೆ ಬಂದ ಉತ್ತರ, ಅಷ್ಟೇ. ಆ ಹುಡುಗಿಯ ಕಾಲು ನೋವು ಮೊದಲನೇ ಪ್ರಶ್ನೆಗೆ ಸೇರಿದ್ದು. ಪುಸ್ತಕದ ಸೊನ್ನೆ ಎರಡನೇ ಪ್ರಶ್ನೆಗೆ ಸೇರಿದ್ದು.

ಇಷ್ಟು ತಿಳಿದರೆ ವ್ಯಾಖ್ಯೆಯನ್ನು ನಾವೇ ಬರೆಯಬಹುದು. ಒಂದು ವಸ್ತು ಹೊರಟ ಜಾಗದಿಂದ ಈಗ ಇರುವ ಜಾಗಕ್ಕೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಯ ಉದ್ದ, ಜೊತೆಗೆ ಅದರ ದಿಕ್ಕು, ಇವೆರಡೂ ಸೇರಿದರೆ ಸ್ಥಾನಪಲ್ಲಟ. ನಡುವೆ ಯಾವ ದಾರಿ ಹಿಡಿದರು, ಎಷ್ಟು ಸಲ ತಿರುಗಿದರು, ಎಲ್ಲಿ ಕೂತು ದಣಿವಾರಿಸಿಕೊಂಡರು, ಅದು ಯಾವುದೂ ಇದರ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಮಾತು ಗಮನಿಸಿ. ಗ್ಯಾಲರಿಯ ನಡುವೆ ಎಳೆದ ಆ 38 ಮೀಟರ್ ಗೆರೆಯ ಮೇಲೆ ಯಾರೂ ನಡೆಯಲಾರರು. ಅದು ಗಾಳಿಯಲ್ಲಿದೆ. ಆದರೂ ಸ್ಥಾನಪಲ್ಲಟ ಅದೇ. “ಅತಿ ಹತ್ತಿರದ ದಾರಿ” ಅಂತ ಇದನ್ನು ಕಲಿತ ಮಕ್ಕಳು ಇಲ್ಲಿ ಎಡವುತ್ತಾರೆ. ಇದು ದಾರಿಯೇ ಅಲ್ಲ. ಗೋಡೆ ಬಂದರೂ, ಗುಡ್ಡ ಬಂದರೂ, ಕೆರೆ ಬಂದರೂ ಗೆರೆ ನೆಟ್ಟಗೆ ಹೋಗುತ್ತದೆ.

ಹೆಸರಿನಲ್ಲೇ ಇರುವ ಗೊಂದಲ

ಪಲ್ಲಟ ಅಂದರೆ ಬದಲಾಗುವುದು, ಅದಲುಬದಲಾಗುವುದು. ಸ್ಥಾನ ಬದಲಾದದ್ದು ಸ್ಥಾನಪಲ್ಲಟ. ಹೆಸರು ಸರಿಯಾಗಿಯೇ ಇದೆ. ತೊಂದರೆ ಏನೆಂದರೆ, ಅದೇ ಹೆಸರು ತೇಲುವುದು ಮುಳುಗುವುದರ ಪಾಠದಲ್ಲೂ ಬರುತ್ತದೆ. ನೀರಲ್ಲಿ ಕಲ್ಲು ಮುಳುಗಿದಾಗ ಅದು ‘ಸ್ಥಾನಪಲ್ಲಟಗೊಳಿಸಿದ ನೀರಿನ ತೂಕ’ ಅಂತ ಆರ್ಕಿಮಿಡೀಸನ ತತ್ವ ಓದುತ್ತೇವೆ. ಅಲ್ಲಿ ಕಲ್ಲು ಆಚೆ ತಳ್ಳಿದ ನೀರಿನ ಮಾತು. ಇಲ್ಲಿಯದು ವಸ್ತು ತಾನೇ ಎಲ್ಲಿಂದ ಎಲ್ಲಿಗೆ ಹೋಯಿತು ಅನ್ನುವ ಮಾತು. ಎರಡನ್ನೂ ಒಂದೇ ಅಂದುಕೊಂಡು ಒದ್ದಾಡುವ ಮಕ್ಕಳನ್ನು ನಾನು ನೋಡಿದ್ದೇನೆ.

ಇಂಗ್ಲಿಷಿಗೆ ಹೋದರೆ ಇದಕ್ಕೆ ಡಿಸ್‌ಪ್ಲೇಸ್‌ಮೆಂಟ್ ಅನ್ನುತ್ತಾರೆ. ಆ ಪದಕ್ಕೆ ಇನ್ನೂ ಒಂದು ಅರ್ಥವಿದೆ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಬಗ್ಗೆ ಬರೆಯುವಾಗಲೂ ಅದೇ ಪದ ಬಳಸುತ್ತಾರೆ. ನಾವು ಅದನ್ನು ಮುಳುಗಡೆ ಅನ್ನುತ್ತೇವೆ, ಸ್ಥಳಾಂತರ ಅನ್ನುತ್ತೇವೆ. ಹಳೆಯ ಬಾಗಲಕೋಟೆಯಿಂದ ನವನಗರಕ್ಕೆ ಹೋದ ಮನೆಗಳ ಕತೆ ಒಂದು ಬಾಣದ ಗುರುತಿನಲ್ಲಿ ಹಿಡಿಸುವಂಥದ್ದಲ್ಲ. ಭೌತಶಾಸ್ತ್ರದ ಪದಕ್ಕೆ ಆ ನೋವು ಗೊತ್ತಿಲ್ಲ. ಅದು ಬರೀ ಎಲ್ಲಿಂದ, ಎಲ್ಲಿಗೆ ಅಂತ ಮಾತ್ರ ಕೇಳುತ್ತದೆ.

ಕಣದಲ್ಲಿ ಸುತ್ತುವ ಎತ್ತು

ಯಂತ್ರ ಬರುವ ಮೊದಲು ನಮ್ಮ ಕಡೆ ಜೋಳದ ರಾಶಿ ಹೇಗೆ ಮಾಡುತ್ತಿದ್ದರು ಅಂತ ಮನೆಯ ಹಿರಿಯರನ್ನು ಕೇಳಿ. ಕಣದ ನಡುವೆ ಮೇಟಿಕಂಬ. ಅದಕ್ಕೆ ಕಟ್ಟಿದ ಎತ್ತುಗಳು ತೆನೆ ತುಳಿಯುತ್ತಾ ಸುತ್ತುತ್ತವೆ. ರಾತ್ರಿಯೆಲ್ಲಾ ಎತ್ತು ಸುತ್ತಿಸುತ್ತಾ ಹಾಡುವ ಹಂತಿ ಪದ. ಭೌತಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಬೇಕಾ?

ಒಂದು ಎತ್ತು ಕಂಬದಿಂದ ಮೂರೂವರೆ ಮೀಟರ್ ದೂರದಲ್ಲಿ ಸುತ್ತುತ್ತಿದೆ ಅಂತ ಇಟ್ಟುಕೊಳ್ಳೋಣ. ಸುತ್ತಿನ ಅಡ್ಡಗಲ 7 ಮೀಟರ್. ಪೂರ್ತಿ ಸುತ್ತು 22 ಮೀಟರ್.

ಕಾಲು ಸುತ್ತು ಹಾಕಿದಾಗ ಎತ್ತು ನಡೆದಿದ್ದು ಐದೂವರೆ ಮೀಟರ್. ಹೊರಟ ಜಾಗದಿಂದ ನೇರ ಗೆರೆ ಎಳೆದರೆ ಸುಮಾರು 5 ಮೀಟರ್. ಅರ್ಧ ಸುತ್ತಿಗೆ ನಡೆದಿದ್ದು 11, ಗೆರೆ 7. ಇಲ್ಲಿಂದ ಮುಂದೆ ನೋಡಿ. ಮುಕ್ಕಾಲು ಸುತ್ತಿಗೆ ನಡೆದಿದ್ದು ಹದಿನಾರೂವರೆ ಆಗುತ್ತದೆ, ಆದರೆ ಗೆರೆ ಮತ್ತೆ 5ಕ್ಕೆ ಇಳಿಯುತ್ತದೆ. ಪೂರ್ತಿ ಸುತ್ತಿಗೆ 22 ಮತ್ತು ಸೊನ್ನೆ. ನೂರು ಸುತ್ತು ಹಾಕಿದರೆ 2200 ಮೀಟರ್, ಅಂದರೆ ಎರಡು ಕಿಲೋಮೀಟರಿಗೂ ಜಾಸ್ತಿ ನಡೆದಿರುತ್ತದೆ. ಸ್ಥಾನಪಲ್ಲಟ ಮತ್ತೆ ಸೊನ್ನೆ.

ಇದರಲ್ಲಿ ಎರಡು ಸಂಗತಿ ಅಡಗಿವೆ. ದೂರ ಏರುತ್ತಲೇ ಹೋಗುತ್ತದೆ, ಯಾವತ್ತೂ ಇಳಿಯುವುದಿಲ್ಲ. ಬೈಕಿನ ಮೀಟರ್ ಹಾಗೆ. ಸ್ಥಾನಪಲ್ಲಟ ಏರಬಹುದು, ಇಳಿಯಬಹುದು, ಸೊನ್ನೆಗೂ ಬರಬಹುದು. ಇನ್ನೊಂದು, ಸ್ಥಾನಪಲ್ಲಟದ ಉದ್ದ ದೂರಕ್ಕಿಂತ ಜಾಸ್ತಿ ಆಗಲು ಸಾಧ್ಯವೇ ಇಲ್ಲ. ಯಾಕೆಂದರೆ ಎರಡು ಜಾಗಗಳ ನಡುವೆ ನೇರ ಗೆರೆಗಿಂತ ಚಿಕ್ಕದು ಏನೂ ಇಲ್ಲ. ಒಂದೇ ದಿಕ್ಕಿನಲ್ಲಿ, ತಿರುಗದೆ, ನೆಟ್ಟಗೆ ಹೋದಾಗ ಮಾತ್ರ ಎರಡೂ ಸಮ.

ದಿಕ್ಕು ಬಿಟ್ಟರೆ ಉತ್ತರವೇ ಇಲ್ಲ

ಹೊಸಬರು ಯಾರೋ ಊರಿಗೆ ಬಂದು ಬಾವಿ ಎಲ್ಲಿದೆ ಅಂತ ಕೇಳಿದರು. ನೀವು “ಇಲ್ಲಿಂದ 200 ಮೀಟರ್” ಅಂದಿರಿ. ಅವರು ಎಲ್ಲಿಗೆ ಹೋಗಬೇಕು? ನೀವು ನಿಂತ ಜಾಗದ ಸುತ್ತ 200 ಮೀಟರ್ ದೂರದಲ್ಲಿ ಒಂದು ದೊಡ್ಡ ವೃತ್ತ ಬರೆಯಿರಿ. ಬಾವಿ ಆ ವೃತ್ತದ ಮೇಲೆ ಎಲ್ಲಿ ಬೇಕಾದರೂ ಇರಬಹುದು. “ಅಗಸಿಯ ಕಡೆ, ಮೂಡಣಕ್ಕೆ 200 ಮೀಟರ್” ಅಂದಾಗ ಮಾತ್ರ ವೃತ್ತ ಹೋಗಿ ಒಂದು ಚುಕ್ಕಿ ಉಳಿಯುತ್ತದೆ. ದಿಕ್ಕು ಅನ್ನುವುದು ಮೇಲೆ ಅಂಟಿಸಿದ ಅಲಂಕಾರ ಅಲ್ಲ. ಉತ್ತರದ ಅರ್ಧ ಭಾಗವೇ ಅದು. ಪರೀಕ್ಷೆಯಲ್ಲಿ “38 ಮೀಟರ್” ಅಂತ ಬರೆದು ದಿಕ್ಕು ಬಿಟ್ಟರೆ ಅರ್ಧ ಉತ್ತರ ಬರೆದ ಹಾಗೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಲದ ಕಾಗದಪತ್ರದಲ್ಲಿ ಚಕ್ಕುಬಂದಿ ಬರೆಯುವುದು ನೋಡಿದ್ದೀರಲ್ವಾ? ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ. ಬರೀ ಅಳತೆ ಬರೆದರೆ ಹೊಲ ಯಾವುದು ಅಂತ ಗೊತ್ತಾಗದು.

ಹೀಗೆ ಅಳತೆಯ ಜೊತೆ ದಿಕ್ಕೂ ಬೇಕಾಗುವ ಪರಿಮಾಣಗಳಿಗೆ ಸದಿಶ ಅಂತ ಹೆಸರು. ದಿಕ್ಕು ಬೇಡದವು ಅದಿಶ. ಐದು ಕಿಲೋ ಜೋಳ, ಎರಡು ತಾಸು, 40 ಡಿಗ್ರಿ ಬಿಸಿಲು, ಇವೆಲ್ಲ ಅದಿಶ. “ಪೂರ್ವಕ್ಕೆ ಎರಡು ತಾಸು” ಅಂದರೆ ಅರ್ಥವೇ ಇಲ್ಲ. ದೂರವೂ ಅದಿಶ. ಸ್ಥಾನಪಲ್ಲಟ ಸದಿಶ. ಬಲ, ವೇಗ, ವೇಗೋತ್ಕರ್ಷ (ವೇಗ ಬದಲಾಗುವ ದರ) ಕೂಡ ಸದಿಶ.

ಸದಿಶಕ್ಕೆ ಪಿಯುಸಿಯಲ್ಲಿ ವೆಕ್ಟರ್ ಅನ್ನುತ್ತಾರೆ. ಇದು ಲ್ಯಾಟಿನ್ ಪದ. ಹೊತ್ತು ಸಾಗಿಸುವವನು ಅಂತ ಅರ್ಥ. ಗಣಿತದಲ್ಲಿ ಈ ಅರ್ಥಕ್ಕೆ ಅದನ್ನು ತಂದವನು ಐರ್ಲೆಂಡಿನ ವಿಲಿಯಂ ಹ್ಯಾಮಿಲ್ಟನ್, 1840ರ ದಶಕದಲ್ಲಿ. ಡೆಂಗಿ ಹರಡುವ ಸೊಳ್ಳೆಗೂ ವೈದ್ಯರು ವೆಕ್ಟರ್ ಅನ್ನುತ್ತಾರೆ. ಸೊಳ್ಳೆ ರೋಗವನ್ನು ಒಬ್ಬರಿಂದ ಇನ್ನೊಬ್ಬರಿಗೆ ಹೊತ್ತೊಯ್ಯುತ್ತದೆ. ನಮ್ಮ ವೆಕ್ಟರ್ ಒಂದು ಚುಕ್ಕಿಯನ್ನು ಇಲ್ಲಿಂದ ಅಲ್ಲಿಗೆ ಹೊತ್ತೊಯ್ಯುತ್ತದೆ. ಈ ಅರ್ಥ ನೆನಪಿದ್ದರೆ ಹೆಸರು ಮರೆಯುವುದಿಲ್ಲ.

ಕಾಗದದ ಮೇಲೆ ಸದಿಶವನ್ನು ಬಾಣವಾಗಿ ಬರೆಯುತ್ತಾರೆ. ಬಾಣದ ಉದ್ದ ಅಳತೆಯನ್ನು ಹೇಳುತ್ತದೆ, ಮೊನೆ ದಿಕ್ಕನ್ನು ತೋರಿಸುತ್ತದೆ. ಬೆಳಗಾವಿಯಲ್ಲಿ ಒಬ್ಬರು ಪೂರ್ವಕ್ಕೆ 10 ಮೀಟರ್ ನಡೆದರು, ವಿಜಯಪುರದಲ್ಲಿ ಇನ್ನೊಬ್ಬರು ಪೂರ್ವಕ್ಕೆ 10 ಮೀಟರ್ ನಡೆದರು. ಇಬ್ಬರ ಸ್ಥಾನಪಲ್ಲಟವೂ ಒಂದೇ. ಎರಡು ಬಾಣಗಳೂ ಒಂದೇ ಉದ್ದ, ಒಂದೇ ದಿಕ್ಕು. ಬಾಣವನ್ನು ತಿರುಗಿಸದೆ ಎತ್ತಿಕೊಂಡು ಹೋಗಿ ಬೇರೆ ಕಡೆ ಇಟ್ಟರೂ ಅದು ಅದೇ ಬಾಣ. ಈ ಮಾತು ಸಣ್ಣದಾಗಿ ಕಾಣುತ್ತದೆ. ಆದರೆ ಮುಂದಿನ ಲೆಕ್ಕವೆಲ್ಲಾ ಇದರ ಮೇಲೇ ನಿಂತಿದೆ.

ಒಂದೇ ಗೆರೆಯ ಮೇಲೆ ಹೋಗಿ ಬಂದರೆ

ಮನೆಯಿಂದ ಪೂರ್ವಕ್ಕೆ 300 ಮೀಟರ್ ನಡೆದು ಕಿರಾಣಿ ಅಂಗಡಿಗೆ ಹೋದಿರಿ. ವಾಪಸ್ ಬರುವಾಗ 100 ಮೀಟರ್ ನಡೆದು ಗೆಳೆಯರ ಮನೆ ಮುಂದೆ ನಿಂತಿರಿ. ದೂರ 400. ಸ್ಥಾನಪಲ್ಲಟ ಪೂರ್ವಕ್ಕೆ 200. ಇಲ್ಲಿ ಪೂರ್ವವನ್ನು ಕೂಡು ಚಿಹ್ನೆ, ಪಶ್ಚಿಮವನ್ನು ಕಳೆ ಚಿಹ್ನೆ ಅಂತ ಮಾಡಿಕೊಂಡರೆ ಸಾಕು. 300ರಲ್ಲಿ 100 ಕಳೆದರೆ 200. ಉತ್ತರ ಮೈನಸ್ ಬಂದರೆ ಹೆದರಬೇಡಿ. ಹೊರಟ ಜಾಗದಿಂದ ಆ ಕಡೆಗೆ, ಅಂದರೆ ಪಶ್ಚಿಮಕ್ಕೆ ಇದ್ದೀರಿ ಅಂತ ಅರ್ಥ. ಮೈನಸ್ ಅಂದರೆ ಕಡಿಮೆ ಅಂತಲ್ಲ, ಎದುರು ದಿಕ್ಕು ಅಂತ.

ವಿಜಯಪುರ, ಬಾಗಲಕೋಟೆ, ಬೆಳಗಾವಿ: ಒಂದು ತ್ರಿಕೋನ

ಗೆರೆ ತಿರುಗಿದಾಗ ಏನು ಮಾಡುವುದು? ಪಾಠದ ತಿರುಳು ಇಲ್ಲಿದೆ. ನಮ್ಮ ಮೂರು ಜಿಲ್ಲಾ ಕೇಂದ್ರಗಳನ್ನೇ ತೆಗೆದುಕೊಳ್ಳೋಣ. ನಕ್ಷೆ ಮುಂದಿಟ್ಟುಕೊಳ್ಳಿ.

ಬಾಗಲಕೋಟೆ ವಿಜಯಪುರಕ್ಕೆ ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕಿದೆ. ನೇರ ಗೆರೆ ಎಳೆದರೆ ಸುಮಾರು 72 ಕಿಲೋಮೀಟರ್. ಬಸ್ಸು ಕೊಲ್ಹಾರದ ಹತ್ತಿರ ಕೃಷ್ಣೆ ದಾಟಿ ಹೋಗುತ್ತದೆ. ರಸ್ತೆ 80 ಕಿಲೋಮೀಟರಿಗೂ ಜಾಸ್ತಿ. ರೈಲು ಪೂರ್ವಕ್ಕೆ ಬಳಸಿ ಆಲಮಟ್ಟಿ ಕಡೆಯಿಂದ ಹೋಗುತ್ತದೆ. ದಾರಿ ಬೇರೆ, ದೂರ ಬೇರೆ. ಬಸ್ಸಿನಲ್ಲಿ ಹೋದವರಿಗೂ ರೈಲಿನಲ್ಲಿ ಹೋದವರಿಗೂ ಸ್ಥಾನಪಲ್ಲಟ ಮಾತ್ರ ಒಂದೇ: ದಕ್ಷಿಣಕ್ಕೆ 72.

ಬಾಗಲಕೋಟೆಯಿಂದ ಬೆಳಗಾವಿಗೆ ಹೋಗೋಣ. ಬೆಳಗಾವಿ ಅಲ್ಲಿಂದ ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿದೆ. ಅಂದಾಜು ಪಶ್ಚಿಮಕ್ಕೆ 128, ದಕ್ಷಿಣಕ್ಕೆ 37 ಕಿಲೋಮೀಟರ್. ನೇರ ಗೆರೆಯ ಉದ್ದ ಸುಮಾರು 133.

ಈಗ ಪ್ರಶ್ನೆ: ವಿಜಯಪುರದಿಂದ ಬಾಗಲಕೋಟೆ ಮೇಲೆ ಬೆಳಗಾವಿ ಮುಟ್ಟಿದವರ ಒಟ್ಟು ಸ್ಥಾನಪಲ್ಲಟ ಎಷ್ಟು? 72ಕ್ಕೆ 133 ಕೂಡಿಸಿ 205 ಅನ್ನುವಂತಿಲ್ಲ. ಅದು ಎರಡು ಗೆರೆಗಳ ಉದ್ದದ ಮೊತ್ತ. ನಾವು ಕೇಳುತ್ತಿರುವುದು ವಿಜಯಪುರದಿಂದ ನೋಡಿದರೆ ಬೆಳಗಾವಿ ಎಲ್ಲಿದೆ ಅಂತ.

ಸ್ಕೇಲು ತೆಗೆದುಕೊಳ್ಳಿ. ಒಂದು ಸೆಂಟಿಮೀಟರಿಗೆ 20 ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಕಾಗದದ ಬಲಗಡೆ ಮೇಲೆ ಒಂದು ಚುಕ್ಕಿ, ಅದು ವಿಜಯಪುರ. ಅಲ್ಲಿಂದ ಕೆಳಕ್ಕೆ 3.6 ಸೆಂಟಿಮೀಟರ್ ಬಾಣ. ಬಾಣದ ಮೊನೆ ಬಾಗಲಕೋಟೆ. ಎರಡನೇ ಬಾಣ ಆ ಮೊನೆಯಿಂದಲೇ ಶುರುವಾಗಬೇಕು. ಎಡಕ್ಕೆ 6.4, ಕೆಳಕ್ಕೆ 1.85 ಸೆಂಟಿಮೀಟರ್ ಅಳೆದು ಚುಕ್ಕಿ ಇಡಿ. ಅದು ಬೆಳಗಾವಿ. ಬಾಗಲಕೋಟೆಯಿಂದ ಅಲ್ಲಿಗೆ ಬಾಣ ಎಳೆಯಿರಿ. ಕೊನೆಗೆ ವಿಜಯಪುರದಿಂದ ಬೆಳಗಾವಿಗೆ ನೇರ ಮೂರನೇ ಬಾಣ. ಅಳೆದು ನೋಡಿ, ಸುಮಾರು 8.4 ಸೆಂಟಿಮೀಟರ್ ಬರುತ್ತದೆ. ಅಂದರೆ 168 ಕಿಲೋಮೀಟರ್. ದಿಕ್ಕು ನೈಋತ್ಯ.

ಮೊದಲ ಬಾಣದ ಮೊನೆಗೆ ಎರಡನೆಯದರ ಬುಡ ಸೇರಿಸಿ, ಮೊದಲ ಬುಡದಿಂದ ಕೊನೆಯ ಮೊನೆಗೆ ಗೆರೆ ಎಳೆಯುವುದು. ಪಿಯುಸಿಯಲ್ಲಿ ಬರುವ ತ್ರಿಕೋನ ನಿಯಮ ಇಷ್ಟೇ. ಹೆಸರು ದೊಡ್ಡದು, ಕೆಲಸ ನಾವು ದಿನಾ ಪ್ರಯಾಣದಲ್ಲಿ ಮಾಡುವುದೇ.

ಸ್ಕೇಲು ಇಲ್ಲದೆಯೂ ಮಾಡಬಹುದು. ದಕ್ಷಿಣದ್ದನ್ನೆಲ್ಲ ಒಂದು ಕಡೆ ಕೂಡಿಸಿ: 72 ಮತ್ತು 37 ಸೇರಿ 109. ಪಶ್ಚಿಮದ್ದು 128. ಈ ಎರಡು ದಿಕ್ಕುಗಳು ಒಂದಕ್ಕೊಂದು ಲಂಬ. ಹಾಗಾಗಿ ಪೈಥಾಗೊರಸ್ ಪ್ರಮೇಯ ಕೈ ಹಿಡಿಯುತ್ತದೆ. 109ರ ವರ್ಗ 11881. 128ರ ವರ್ಗ 16384. ಕೂಡಿಸಿದರೆ 28265. ವರ್ಗಮೂಲ 168ರ ಹತ್ತಿರ. ಚಿತ್ರದಲ್ಲಿ ಬಂದದ್ದೇ ಇಲ್ಲೂ ಬಂತು. ಹೀಗೆ ಒಂದು ಓರೆ ಬಾಣವನ್ನು ದಕ್ಷಿಣದ ಪಾಲು, ಪಶ್ಚಿಮದ ಪಾಲು ಅಂತ ಒಡೆದು ಇಟ್ಟುಕೊಳ್ಳುವುದಕ್ಕೆ ಘಟಕಗಳಾಗಿ ಬಿಡಿಸುವುದು ಅನ್ನುತ್ತಾರೆ. ನನಗೆ ಕೇಳಿದರೆ ಇಡೀ ಸದಿಶ ಗಣಿತದಲ್ಲಿ ಇದೊಂದು ಉಪಾಯ ಕೈವಶವಾದರೆ ಉಳಿದದ್ದು ತಾನೇ ಸರಿಯಾಗುತ್ತದೆ.

ಇನ್ನೊಂದು ಚಂದದ ಸಂಗತಿ ಇದೆ. ಬಾಣಗಳ ಸರದಿ ಅದಲುಬದಲು ಮಾಡಿ. ವಿಜಯಪುರದಿಂದ ಮೊದಲು ಎರಡನೇ ಬಾಣವನ್ನೇ ಹಿಡಿದು ಹೋಗಿ: ಪಶ್ಚಿಮಕ್ಕೆ 128, ದಕ್ಷಿಣಕ್ಕೆ 37. ಎಲ್ಲಿಗೆ ಬಂದಿರಿ? ಚಿಕ್ಕೋಡಿ ಸೀಮೆಗೆ. ಅಲ್ಲಿಂದ ದಕ್ಷಿಣಕ್ಕೆ 72 ಕಿಲೋಮೀಟರ್ ಇಳಿಯಿರಿ. ಮತ್ತೆ ಬೆಳಗಾವಿಯೇ! ಬಾಗಲಕೋಟೆ ಮೇಲೆ ಹೋದರೂ, ಚಿಕ್ಕೋಡಿ ಕಡೆಯಿಂದ ಹೋದರೂ ಮುಟ್ಟುವ ಊರು ಒಂದೇ. ನಾಲ್ಕೂ ಜಾಗಗಳನ್ನು ಗೆರೆಯಿಂದ ಸೇರಿಸಿದರೆ ಒಂದು ಸಮಾಂತರ ಚತುರ್ಭುಜ ಸಿಗುತ್ತದೆ. ವಿಜಯಪುರದಿಂದ ಬೆಳಗಾವಿಗೆ ಎಳೆದ ಬಾಣ ಅದರ ಕರ್ಣ. ಸಮಾಂತರ ಚತುರ್ಭುಜ ನಿಯಮ ಅಂತ ಪಿಯುಸಿಯವರು ಓದುವುದು ಇದನ್ನೇ.

ಇನ್ನು ಬೆಳಗಾವಿಯಿಂದ ಮನೆಗೆ, ವಿಜಯಪುರಕ್ಕೆ ವಾಪಸ್ ಬಂದುಬಿಟ್ಟರೆ? ಮೂರು ಬಾಣ ಸೇರಿ ತ್ರಿಕೋನ ಮುಚ್ಚಿಕೊಳ್ಳುತ್ತದೆ. ಒಟ್ಟು ಸೊನ್ನೆ. ಕಣದ ಎತ್ತಿಗೆ ಬಂದದ್ದೇ ಇಲ್ಲೂ ಬಂತು.

ದಿಕ್ಕು ಇದ್ದರೆ ಸಾಕಾ?

ಒಂದು ಸೂಕ್ಷ್ಮ ಇದೆ. ಇದನ್ನು 9ನೇ ತರಗತಿಯಲ್ಲಿ ಹೇಳುವುದಿಲ್ಲ, ಆದರೆ ಕೇಳುವ ಮಕ್ಕಳು ಇದ್ದೇ ಇರುತ್ತಾರೆ. ತಂತಿಯಲ್ಲಿ ವಿದ್ಯುತ್ ಹರಿಯುವುದಕ್ಕೂ ದಿಕ್ಕು ಇದೆ. ಆದರೂ ವಿದ್ಯುತ್ ಪ್ರವಾಹ ಅದಿಶ. ಯಾಕೆ?

ಸದಿಶ ಅನ್ನಿಸಿಕೊಳ್ಳಲು ದಿಕ್ಕು ಇದ್ದರಷ್ಟೇ ಸಾಲದು. ಈಗ ನೋಡಿದ ತ್ರಿಕೋನದ ರೀತಿಯಲ್ಲಿ ಕೂಡಬೇಕು. ಎರಡು ತಂತಿಗಳಲ್ಲಿ 2 ಮತ್ತು 3 ಆಂಪಿಯರ್ ಬಂದು ಮೂರನೇ ತಂತಿಗೆ ಸೇರಿದರೆ ಅಲ್ಲಿ 5 ಆಂಪಿಯರೇ ಹರಿಯುತ್ತದೆ. ತಂತಿಗಳ ನಡುವಿನ ಕೋನ ಎಷ್ಟಿದ್ದರೂ ಅಷ್ಟೇ. ತ್ರಿಕೋನಕ್ಕೆ ಅಲ್ಲಿ ಕೆಲಸವಿಲ್ಲ.

ಮನೆಯಲ್ಲೇ ಮಾಡಬಹುದಾದ ಇನ್ನೊಂದು ಪರೀಕ್ಷೆ. ಪುಸ್ತಕವನ್ನು ಮೇಜಿನ ಮೇಲೆ ಇಡಿ. ಮೊದಲು ಮೇಜಿನ ಮೇಲೇ ಕಾಲು ಸುತ್ತು ಬಲಕ್ಕೆ ತಿರುಗಿಸಿ, ಆಮೇಲೆ ನಿಮ್ಮ ಕಡೆಗೆ ಎಬ್ಬಿಸಿ ನಿಲ್ಲಿಸಿ. ಎರಡನೇ ಸಲ ಇದೇ ಎರಡು ಕೆಲಸವನ್ನು ಹಿಂದುಮುಂದು ಮಾಡಿ. ಪುಸ್ತಕ ಬೇರೆ ರೀತಿಯಲ್ಲಿ ನಿಂತಿರುತ್ತದೆ. ಬಾಗಲಕೋಟೆ ಮೊದಲೋ ಚಿಕ್ಕೋಡಿ ಮೊದಲೋ ಅನ್ನುವುದು ನಮಗೆ ವ್ಯತ್ಯಾಸ ಮಾಡಲಿಲ್ಲ. ಇಲ್ಲಿ ಸರದಿ ಬದಲಾದರೆ ಫಲವೇ ಬದಲು. ಅದಕ್ಕೇ ಇಷ್ಟು ದೊಡ್ಡ ತಿರುಗುವಿಕೆಗಳನ್ನು ಸದಿಶ ಅನ್ನುವುದಿಲ್ಲ.

ಯಾರಿಗೆ ಹೋಲಿಸಿ ನೋಡುತ್ತಿದ್ದೇವೆ?

ಬಸ್ಸಿನಲ್ಲಿ ಕಿಟಕಿ ಪಕ್ಕ ನಿದ್ದೆ ಹೋದವರನ್ನು ನೆನೆಯಿರಿ. ಸೀಟಿಗೆ ಹೋಲಿಸಿದರೆ ಅವರ ಸ್ಥಾನಪಲ್ಲಟ ಸೊನ್ನೆ. ನೆಲಕ್ಕೆ ಹೋಲಿಸಿದರೆ ದಕ್ಷಿಣಕ್ಕೆ 72 ಕಿಲೋಮೀಟರ್. ಎರಡೂ ಸರಿ. ಯಾವುದನ್ನು ನಿಂತದ್ದು ಅಂತ ಹಿಡಿದಿದ್ದೇವೆ ಅನ್ನುವುದನ್ನು ಮೊದಲೇ ಹೇಳಬೇಕು. ಶಾಲೆಯ ಲೆಕ್ಕಗಳಲ್ಲಿ ಹೇಳದಿದ್ದರೆ ನೆಲವನ್ನೇ ನಿಂತದ್ದು ಅಂತ ಹಿಡಿಯುವುದು ರೂಢಿ.

ಇದರಿಂದ ಏನು ಉಪಯೋಗ?

ಸೊನ್ನೆ ಬರುವ ಒಂದು ಅಳತೆಯನ್ನು ಯಾಕೆ ಕಟ್ಟಿಕೊಳ್ಳಬೇಕು ಅಂತ ಆ ಹುಡುಗಿಯ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ.

ಮೊದಲನೆಯದು ಜವ ಮತ್ತು ವೇಗ. ಮಾತಿನಲ್ಲಿ ಎರಡೂ ಒಂದೇ. ಪುಸ್ತಕದಲ್ಲಿ ಬೇರೆ. ದೂರವನ್ನು ಸಮಯದಿಂದ ಭಾಗಿಸಿದರೆ ಸರಾಸರಿ ಜವ, ಸ್ಥಾನಪಲ್ಲಟವನ್ನು ಭಾಗಿಸಿದರೆ ಸರಾಸರಿ ವೇಗ. ವಿಜಯಪುರದಿಂದ ಬಾಗಲಕೋಟೆಗೆ ಹೊರಟ ಬಸ್ಸು 84 ಕಿಲೋಮೀಟರ್ ರಸ್ತೆಯನ್ನು ಎರಡು ತಾಸಿನಲ್ಲಿ ಮುಗಿಸಿತು ಅಂತ ಇಟ್ಟುಕೊಂಡರೆ ಸರಾಸರಿ ಜವ ಗಂಟೆಗೆ 42. ಸರಾಸರಿ ವೇಗ ದಕ್ಷಿಣಕ್ಕೆ ಗಂಟೆಗೆ 36. ವೇಗದಿಂದ ವೇಗೋತ್ಕರ್ಷ, ವೇಗೋತ್ಕರ್ಷದಿಂದ ಬಲ. ನ್ಯೂಟನ್ನನ ನಿಯಮಗಳೆಲ್ಲ ಈ ಸರಪಳಿಯ ಮೇಲೆ ನಿಂತಿವೆ. ಸರಪಳಿಯ ಮೊದಲ ಕೊಂಡಿ ಸ್ಥಾನಪಲ್ಲಟ. ಅದಕ್ಕೇ ಈ ಪಾಠ ಮೊದಲು ಬರುವುದು.

ಎರಡನೆಯದು ಕೆಲಸ. ಭೌತಶಾಸ್ತ್ರದಲ್ಲಿ ಕೆಲಸ ಅಂದರೆ ಬಲ ಮತ್ತು ಆ ಬಲದ ದಿಕ್ಕಿನಲ್ಲಿ ಆದ ಸ್ಥಾನಪಲ್ಲಟ, ಇವುಗಳ ಗುಣಲಬ್ಧ. ಗೋಳಗುಮ್ಮಟದ ಗ್ಯಾಲರಿಗೆ ಮತ್ತೆ ಹತ್ತೋಣ. ಅದು ನೆಲದಿಂದ 30 ಮೀಟರಿಗೂ ಮೇಲಿದೆ. 50 ಕಿಲೋ ಇರುವ ಒಬ್ಬರು 30 ಮೀಟರ್ ಮೇಲಕ್ಕೆ ಹೋಗಲು ಭೂಮಿಯ ಸೆಳೆತದ ವಿರುದ್ಧ ಮಾಡುವ ಕೆಲಸ ಸುಮಾರು 15,000 ಜೂಲ್. ಮೆಟ್ಟಿಲು ಎಷ್ಟೇ ಸುತ್ತಿ ಬಳಸಿ ಹೋಗಲಿ, ನೇರ ಏಣಿಯೇ ಇರಲಿ, ಈ ಲೆಕ್ಕ ಬದಲಾಗದು. ಭೂಮಿ ದಾರಿಯನ್ನು ನೋಡುವುದಿಲ್ಲ. ಎಷ್ಟು ಮೇಲಕ್ಕೆ ಹೋದಿರಿ ಅನ್ನುವ ಒಂದೇ ಸ್ಥಾನಪಲ್ಲಟವನ್ನು ನೋಡುತ್ತದೆ. ದಾರಿಯನ್ನು ಮರೆತುಬಿಡುವ ಅಳತೆಯಿಂದ ಏನು ಪ್ರಯೋಜನ ಅಂತ ಅನ್ನಿಸಿತ್ತಲ್ವಾ? ಪ್ರಕೃತಿಯೇ ಕೆಲವು ಕಡೆ ದಾರಿಯನ್ನು ಮರೆಯುತ್ತದೆ. ಅಲ್ಲೆಲ್ಲ ನಮಗೂ ದಾರಿಯ ಲೆಕ್ಕ ಬೇಕಿಲ್ಲ.

ಹೊಳೆ ದಾಟುವವರ ಲೆಕ್ಕ

ಮೂರನೇ ಉಪಯೋಗವನ್ನು ಕೃಷ್ಣೆಯ ದಡದಲ್ಲೇ ನೋಡಬಹುದು. ನಮ್ಮ ಭಾಗದಲ್ಲಿ ಕೃಷ್ಣೆ ಒಟ್ಟಾರೆ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಉತ್ತರ ದಡದಿಂದ ದಕ್ಷಿಣ ದಡಕ್ಕೆ ತೆಪ್ಪದಲ್ಲಿ ಹೊರಟಿದ್ದೀರಿ. ಹೊಳೆ 400 ಮೀಟರ್ ಅಗಲ ಅಂತ ಇಟ್ಟುಕೊಳ್ಳೋಣ. ತೆಪ್ಪ ನೇರ ದಕ್ಷಿಣಕ್ಕೇ ಮುಖ ಮಾಡಿದೆ. ದಾಟುವಷ್ಟರಲ್ಲಿ ಸೆಳವು ಅದನ್ನು 300 ಮೀಟರ್ ಪೂರ್ವಕ್ಕೆ ಒಯ್ದಿದೆ. ದಕ್ಷಿಣಕ್ಕೆ 400, ಪೂರ್ವಕ್ಕೆ 300. ಪೈಥಾಗೊರಸ್ ಪ್ರಕಾರ ಒಟ್ಟು ಸ್ಥಾನಪಲ್ಲಟ 500 ಮೀಟರ್, ಆಗ್ನೇಯದ ಕಡೆಗೆ. ಇಳಿಯಬೇಕಾದ ಕಟ್ಟೆ 300 ಮೀಟರ್ ಹಿಂದೆಯೇ ಉಳಿಯಿತು.

ಅನುಭವವಿರುವ ಅಂಬಿಗ ಹಾಗೆ ಮಾಡುವುದಿಲ್ಲ. ಕಟ್ಟೆ ನೇರ ಎದುರಿಗೆ ಇದ್ದರೂ ಅವನು ತೆಪ್ಪದ ಮುಖವನ್ನು ಸೆಳವಿಗೆ ಎದುರಾಗಿ, ಮೇಲಿನ ಕಡೆಗೆ ತಿರುಗಿಸುತ್ತಾನೆ. ಅವನ ಹುಟ್ಟು ನೀರಿನ ಮೇಲೆ ತೆಪ್ಪವನ್ನು ದಕ್ಷಿಣಕ್ಕೆ 400, ಪಶ್ಚಿಮಕ್ಕೆ 300 ಮೀಟರ್ ಒಯ್ಯಬೇಕು. ಅಷ್ಟೇ ಹೊತ್ತಿನಲ್ಲಿ ಹೊಳೆ ಪೂರ್ವಕ್ಕೆ 300 ಒಯ್ಯುತ್ತದೆ. ಪಶ್ಚಿಮದ 300 ಮತ್ತು ಪೂರ್ವದ 300 ಒಂದನ್ನೊಂದು ತಿಂದುಹಾಕುತ್ತವೆ. ಉಳಿಯುವುದು ದಕ್ಷಿಣಕ್ಕೆ 400. ಅವನು ನೀರಿನ ಮೇಲೆ ಹುಟ್ಟು ಹಾಕಿದ್ದು 500 ಮೀಟರ್ ಓರೆಯಾಗಿ. ಆದರೆ ಆ ದಡದಲ್ಲಿ ಕಾಯುತ್ತಾ ನಿಂತವರಿಗೆ, ಮುಖ ಬೇರೆ ಕಡೆ ತಿರುಗಿಸಿದ ತೆಪ್ಪವೊಂದು ನೆಟ್ಟಗೆ ತಮ್ಮ ಕಡೆಗೇ ಬರುವುದು ಕಾಣುತ್ತದೆ.